ಬೂಷ್ಟಿನ ಮೂರು ಸಾಲು

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ "ಅಕ್ಷರ ಕೂರಿಸುವುದು" ಎನ್ನುತ್ತೇನೆ. ಅಚ್ಚುಕೂಟದ ಕೆಲಸವೇನೋ ಎಂದುಕೊಂಡು ಸುಮ್ಮನಾಗುತ್ತಾರೆ. ಬಿಡಿಸಿ ಹೇಳಲು ಹೋದರೆ ಆಕಳಿಸುತ್ತಾರೆ, ನನಗೆ ಸಿಟ್ಟು ಬರುತ್ತದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುವುದು. ಆದರೆ ಇವತ್ತು ಬಿಡಿಸಿ ಹೇಳಲೇಬೇಕು. ಹೇಳದಿದ್ದರೆ ನಾನು ಮಾಡಿದ ಅನ್ಯಾಯ ಎಂಥದ್ದೆಂದು ಯಾರಿಗೂ ತಿಳಿಯುವುದಿಲ್ಲ.

ಪ್ರತಿ ಜೀವಿಯ ಮೈಯಲ್ಲೂ ಪ್ರೋಟೀನುಗಳಿವೆ. ಒಂದೊಂದು ಪ್ರೋಟೀನೂ ಇಪ್ಪತ್ತು ಬಗೆಯ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಮಣಿಗೊಂದು ಅಕ್ಷರ ಕೊಟ್ಟು ಬರೆದರೆ ಮುನ್ನೂರು ನಾನೂರು ಅಕ್ಷರದ ಒಂದು ಸಾಲಾಗುತ್ತದೆ. ಕೋಳಿಯ ಸಾಲಿನ ಕೆಳಗೆ ಇಲಿಯ ಸಾಲು, ಅದರ ಕೆಳಗೆ ಮೀನು, ನೊಣ, ಬೂಷ್ಟು, ಬಟಾಣಿ ಗಿಡ. ಕಾಲ ಕಳೆದಂತೆ ಈ ಅಕ್ಷರಗಳು ಒಂದೊಂದಾಗಿ ಬದಲಾಗುತ್ತವೆ. ಹಕ್ಕಿಗಳ ವಂಶವೂ ಹಾಲೂಡುವ ಪ್ರಾಣಿಗಳ ವಂಶವೂ ಬೇರೆಯಾಗಿ ಮೂವತ್ತೊಂದು ಕೋಟಿ ವರ್ಷವಾಯಿತೆಂದು ಕಲ್ಲಾದ ಮೂಳೆಗಳು ಹೇಳುತ್ತವೆ. ಅಷ್ಟು ಕಾಲದಲ್ಲಿ ಕೋಳಿಗೂ ಇಲಿಗೂ ಇಷ್ಟು ಅಕ್ಷರ ವ್ಯತ್ಯಾಸವಾಗಿದ್ದರೆ, ಇಲಿಗೂ ಬೂಷ್ಟಿಗೂ ಇರುವ ವ್ಯತ್ಯಾಸಕ್ಕೆ ಎಷ್ಟು ಕಾಲ ಬೇಕಾಯಿತು? ಕಲ್ಲಿನಲ್ಲಿ ಗುರುತು ಉಳಿಸದ ವಂಶಗಳು ಯಾವಾಗ ಕವಲೊಡೆದವೆಂದು ಹೀಗೆ ಅಂದಾಜು ಮಾಡುತ್ತಾರೆ. ಲೆಕ್ಕ ಹಾಕುವುದು ಕಂಪ್ಯೂಟರು. ಆದರೆ ಸರಿಯಾದ ಸಾಲಿನ ಕೆಳಗೆ ಸರಿಯಾದ ಸಾಲನ್ನು ಕೂರಿಸಿಕೊಡದಿದ್ದರೆ ಅದಕ್ಕೆ ಕತ್ತೆಯೂ ಒಂದೇ, ಕುದುರೆಯೂ ಒಂದೇ. ಕೂರಿಸುವವಳು ನಾನು, ಇಪ್ಪತ್ತಮೂರು ವರ್ಷದಿಂದ.

ನಮ್ಮ ಲ್ಯಾಬಿನ ಮುಖ್ಯಸ್ಥ ನನ್ನ ಒಡಹುಟ್ಟಿದ ಅಣ್ಣ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಓದಿಸಿದವನು ಅವನು. ಗಂಡ ಸತ್ತ ಆರನೇ ತಿಂಗಳಿಗೆ ಕೈಹಿಡಿದು ಕರೆತಂದು ಕುರ್ಚಿ ಹಾಕಿಕೊಟ್ಟವನೂ ಅವನೇ. ಅವರ ಮನೆಯ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ನಾನಿದ್ದೇನೆ. ಅತ್ತಿಗೆ ಒಂದು ದಿನವೂ ಮುಖ ಗಂಟಿಕ್ಕಿದ್ದಿಲ್ಲ. ಪ್ರಾಣಿಗಳ ವಂಶವೂ ಬೂಷ್ಟು ಅಣಬೆಗಳ ವಂಶವೂ ನೂರೈವತ್ತಮೂರು ಕೋಟಿ ವರ್ಷದ ಹಿಂದೆ ಬೇರೆಯಾದವು ಎಂದು ಅಣ್ಣ ಹೇಳಿದ್ದು ಪಠ್ಯಪುಸ್ತಕದಲ್ಲಿ ಸೇರಿತ್ತು. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವನನ್ನು "ನೂರೈವತ್ಮೂರು" ಎನ್ನುತ್ತಿದ್ದರು. ಅದು ಅವನ ಕಿವಿಗೆ ಬಿದ್ದಿತ್ತು, ಒಳಗೊಳಗೇ ಹಿಗ್ಗೂ ಇತ್ತು.

ಆ ಸಂಖ್ಯೆ ನಿಂತದ್ದು ಹನ್ನೊಂದು ಪ್ರೋಟೀನುಗಳ ಮೇಲೆ. ಹನ್ನೊಂದನ್ನೂ ಕೂರಿಸಿದವಳು ನಾನು. ಲ್ಯಾಬಿನಲ್ಲಿ ಅಣ್ಣನೇ ಮಾಡಿದ ಕಟ್ಟುನಿಟ್ಟಿನ ನಿಯಮವೊಂದಿತ್ತು: ದಪ್ಪ ರಟ್ಟಿನ ಪುಸ್ತಕದಲ್ಲಿ ಪ್ರತಿ ಸಾಲಿಗೂ ಎರಡು ಸಹಿ ಬೀಳಬೇಕು. ಒಂದು "ಕೂರಿಸಿದವರು", ಇನ್ನೊಂದು "ನೋಡಿದವರು". ಮೊದಮೊದಲು ಅದು ನಡೆಯಿತು. ಆಮೇಲೆ, ಇವಳು ಕೂರಿಸಿದ್ದನ್ನು ತಿದ್ದುವಷ್ಟು ಕಣ್ಣು ಯಾರಿಗಿದೆ ಎಂದು ಎಲ್ಲರೂ ಹೇಳತೊಡಗಿದರು. ಕೇಳಿ ಕೇಳಿ ನಾನೂ ನಂಬಿದೆ. ಎರಡೂ ಕಡೆ ನಾನೇ ಸಹಿ ಹಾಕಿ ಪುಸ್ತಕ ಮುಚ್ಚಿಡುತ್ತಿದ್ದೆ.

ಆಗ ಬಂದವಳು ಕೊಕ್ಕೆ. ಅಣ್ಣನ ಕೈಕೆಳಗೆ ಸಂಶೋಧನೆಗೆ ಸೇರಿದ ಹುಡುಗಿ. ಎಲ್ಲದಕ್ಕೂ ಕೊಕ್ಕೆ ಹಾಕುತ್ತಾಳೆಂದು ಆ ಹೆಸರಿಟ್ಟವಳು ನಾನೇ. ಗೋಡೆ ಗಡಿಯಾರ ಎರಡು ನಿಮಿಷ ಹಿಂದಿದೆ, ಪ್ರಿಂಟರಿನ ಕಾಗದ ತಿರುಗಾಮುರುಗಾ ಹಾಕಿದ್ದೀರಿ, ಈ ಪಟ್ಟಿಯಲ್ಲಿ ಒಂದು ಸೊನ್ನೆ ಜಾಸ್ತಿ. ಹೇಳಿದ್ದು ಪ್ರತಿಸಲವೂ ಸರಿಯಾಗಿರುತ್ತಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತಿತ್ತು. ಮೂರನೇ ವರ್ಷ ಒಂದು ದಿನ ಕಾಗದ ಹಿಡಿದು ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಮೇಡಂ, ಬೂಷ್ಟಿನ ಈ ಮೂರು ಸಾಲು ಇನ್ನೊಂದ್ಸಲ ನೋಡ್ತೀರಾ? ಯಾಕೋ ಇವು ಬೇರೆ ಸಾಲುಗಳ ಜೊತೆ ಸೇರಲ್ಲ ಅನ್ಸುತ್ತೆ. ಈ ಮೂರು ತೆಗೆದ್ರೆ ನೂರಿಪ್ಪತ್ತೊಂದು ಕೋಟಿ ಬರ್ತಿದೆ."

"ಈ ಸಾಲು ನಾನು ಕೂರಿಸಿದಾಗ ನಿನ್ನ ಹಾಲುಹಲ್ಲು ಬಿದ್ದಿರ್ಲಿಲ್ಲ," ಎಂದೆ.

ಪಕ್ಕದ ಮೇಜಿನವರು ನಕ್ಕರು. ಅವಳು ನಗಲಿಲ್ಲ. ನಾನು ಸಾಲುಗಳನ್ನು ನೋಡಲಿಲ್ಲ.

ಅವಳು ಆ ಮೂರನ್ನು ಬಿಟ್ಟು, ಬಿಟ್ಟಿದ್ದೇನೆಂದು ಬರೆದೇ ಪ್ರಬಂಧ ಒಪ್ಪಿಸಿದಳು. ಅಣ್ಣ ಕೆಂಡವಾದ. ಸಮಿತಿ ಕೂತಿತು. ಉದ್ದನೆಯ ಮೇಜಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ಸಾಕ್ಷಿಗೆಂದು ಕರೆದ ನಾನು. ಆ ಮೂರು ಸಾಲುಗಳನ್ನು ಪರೀಕ್ಷಿಸಿದ್ದೀರಾ ಎಂದು ಕೇಳಿದರು. "ಹೌದು. ಎಲ್ಲಾ ಸರಿ ಇದೆ," ಎಂದೆ. ಒಂದು ಕ್ಷಣವೂ ತಡವರಿಸಲಿಲ್ಲ. ತನಗೆ ಬೇಕಾದ ಉತ್ತರ ಬರಲೆಂದು ದಾಖಲೆ ತಿರುಚಿದ್ದಾಳೆ ಎಂದು ಸಮಿತಿ ಬರೆಯಿತು. ಪ್ರಬಂಧ ತಿರಸ್ಕಾರವಾಯಿತು, ಹೆಸರು ಹೊಡೆದು ಹಾಕಿದರು. ಆದೇಶದ ಪ್ರತಿ ಅವಳ ಮನೆಗೂ ಹೋಯಿತು. ಲಕೋಟೆ ಒಡೆದದ್ದು ಅವಳ ಅಪ್ಪ.

ಆ ಅಪ್ಪ ಅಂಗಡಿಗಳ ತಕ್ಕಡಿ, ತೂಕದ ಕಲ್ಲು ಪರೀಕ್ಷಿಸಿ ಮುದ್ರೆ ಒತ್ತುವ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದವರು. ಒಂದು ಕಲ್ಲು ಹತ್ತು ಗ್ರಾಂ ಕಡಿಮೆ ಬಂದರೆ ಅಂಗಡಿಗೆ ಬೀಗ ಜಡಿಸುತ್ತಿದ್ದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಲ್ಯಾಬಿನ ಕೆಳಗಿನ ಮಹಡಿಯಲ್ಲಿ ಗಾಜಿನ ಸಾಮಾನು ತೊಳೆಯುವ ಹೆಂಗಸಿನಿಂದ. ಕೊಕ್ಕೆಯ ಮನೆ ಇದ್ದ ಕಟ್ಟಡದಲ್ಲೇ ಇವಳ ಮನೆಯೂ ಇತ್ತು. ಹುಡುಗಿ ನೀರು ಸರಬರಾಜು ಕಚೇರಿಯಲ್ಲಿ ನೀರಿನ ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದ್ದಾಳೆ, ತಾಯಿ ತೀರಿಕೊಂಡರು, ಅಪ್ಪನಿಗೆ ಮರೆವು ಶುರುವಾಗಿದೆ ಎಂದು ನಾಲ್ಕು ವರ್ಷದಲ್ಲಿ ಒಂದೊಂದಾಗಿ ಸುದ್ದಿ ಮುಟ್ಟಿಸಿದ್ದಳು.

"ಹೆಂಡತಿ ಸತ್ತಿದ್ದೇ ಮರೀತಾರೆ ಅಕ್ಕಾ, ಅದೊಂದು ಮಾತ್ರ ಮರೆಯಲ್ಲ. ಮಗಳು ಕಣ್ಣಿಗೆ ಬಿದ್ರೆ ಸಾಕು, ಸುಳ್ಳು ಯಾಕಮ್ಮಾ ಬರೆದೆ ಅಂತಾರೆ. ನಾನು ಬರೆದಿಲ್ಲಪ್ಪಾ ಅಂದ್ರೆ, ಹಾಗಾದ್ರೆ ಮುದ್ರೆ ಇರೋ ಕಾಗದ ತೋರ್ಸು ಅಂತಾರೆ. ಆ ಮಗು ಎಲ್ಲಿಂದ ತರ್ಬೇಕು?"

ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ನಾನು ಚಹಾ ಕುಡಿದಿದ್ದೆ.

ಮೊನ್ನೆ ಮೊನ್ನೆ, ಒಂದು ಸೋಮವಾರ, ಹೊಸದೊಂದು ಬೂಷ್ಟಿನ ಪೂರ್ತಿ ದಾಖಲೆ ಸಿಕ್ಕಿತು. ಹಿಂದೆಲ್ಲ ಬೂಷ್ಟಿನದೆಂದರೆ ಅಲ್ಲೊಂದು ಇಲ್ಲೊಂದು ಪ್ರೋಟೀನು ಸಿಗುತ್ತಿತ್ತು, ಸಿಕ್ಕಿದ್ದನ್ನು ಕೂರಿಸುತ್ತಿದ್ದೆವು. ಈಗ ಮೊದಲ ಸಲ ಒಂದೇ ಹೆಸರಿನಲ್ಲಿ ಎರಡೆರಡು ಸಾಲು ಬಂದವು. ಒಂದು ಸಾಲು ಇಲಿ ಕೋಳಿಗಳ ಕೆಳಗೆ ಸಲೀಸಾಗಿ ಕೂತಿತು. ನಾನು ಹಿಂದೆ ಕೂರಿಸಿದ್ದ ಬೂಷ್ಟಿನ ಸಾಲು ಮಾತ್ರ ಇನ್ನೊಂದರ ಜೊತೆ ಕೂತಿತು.

ನಮ್ಮಲ್ಲಿ ಇದನ್ನು ಅಕ್ಕ ತಂಗಿ ಎನ್ನುತ್ತೇವೆ. ಪ್ರಾಣಿಗಳೂ ಬೂಷ್ಟುಗಳೂ ಇನ್ನೂ ಒಂದೇ ಮನೆಯಲ್ಲಿದ್ದಾಗಲೇ ಒಂದು ಪ್ರೋಟೀನಿನಿಂದ ಎರಡು ಹುಟ್ಟಿರುತ್ತವೆ, ಅಕ್ಕ ಮತ್ತು ತಂಗಿ. ಮನೆ ಎರಡು ಪಾಲಾದಾಗ ಎರಡೂ ಕಡೆಗೆ ಇಬ್ಬರೂ ಹೋಗುತ್ತಾರೆ. ಪಾಲಾದದ್ದು ಯಾವಾಗೆಂದು ತಿಳಿಯಬೇಕಾದರೆ ಈ ಮನೆಯ ಅಕ್ಕನ ಪಕ್ಕ ಆ ಮನೆಯ ಅಕ್ಕನನ್ನೇ ಕೂರಿಸಬೇಕು. ಅಕ್ಕನ ಪಕ್ಕ ತಂಗಿಯನ್ನು ಕೂರಿಸಿದರೆ ಸಿಗುವುದು ಅವರಿಬ್ಬರೂ ಹುಟ್ಟಿದ ಕಾಲ. ಮನೆ ಪಾಲಾದದ್ದಕ್ಕಿಂತ ಎಷ್ಟೋ ಹಿಂದಿನದು. ಇದು ಕಲಿಯುವವರಿಗೆ ಮೊದಲ ವಾರ ಹೇಳಿಕೊಡುವ ಪಾಠ, ಹೇಳಿಕೊಡುತ್ತಿದ್ದವಳೂ ನಾನೇ. ಆ ಪಾಠದಲ್ಲಿ ನಾನು ಎಡವಿದ್ದೆ. ಒಂದಲ್ಲ, ಮೂರು ಕಡೆ. ಕೊಕ್ಕೆ ತೋರಿಸಿದ ಅದೇ ಮೂರು ಸಾಲು.

ಆ ಮಧ್ಯಾಹ್ನವೇ ಅಣ್ಣನ ಕೋಣೆಗೆ ಹೋಗಿ ತೋರಿಸಿದೆ. ಅವನಿಗೆ ಎರಡು ನಿಮಿಷ ಸಾಕಾಯಿತು. ಬುದ್ಧಿ ಇವತ್ತಿಗೂ ಅಷ್ಟೇ ಚುರುಕು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ನೂರಿಪ್ಪತ್ತೊಂದು," ಎಂದ, ತನ್ನಷ್ಟಕ್ಕೇ. ಆಮೇಲೆ, "ಆ ಹುಡುಗಿ ಹೇಳಿದ್ದು ಸರಿ ಇತ್ತು."

"ಇವತ್ತೇ ಕಾಗದ ಬರೀಬೇಕು ಅಣ್ಣಾ. ಅವರಪ್ಪನಿಗೆ ಮರೆವು. ಇನ್ನೂ ಹೇಳಿದ್ದು ತಿಳಿಯೋ ಹಾಗಿರೋವಾಗ್ಲೇ ಅವರ ಕೈಗೆ ಸಿಗ್ಬೇಕು."

"ನನ್ನ ನಿವೃತ್ತಿಗೆ ಹದಿನಾಲ್ಕು ದಿನ ಇದೆ. ಬೀಳ್ಕೊಡುಗೆ ಒಂದು ಮುಗೀಲಿ. ನಾಲ್ಕು ವರ್ಷ ಕಾದಿದ್ದಾರೆ, ಹದಿನಾಲ್ಕು ದಿನದಲ್ಲಿ ಏನು ಮುಳುಗಿಹೋಗುತ್ತೆ?"

ಅವನು ಎದ್ದು ಕಪಾಟಿನಿಂದ ರಟ್ಟಿನ ಪುಸ್ತಕ ತೆಗೆದ, ಹಾಳೆ ತಿರುವಿ ನನ್ನ ಮುಂದಿಟ್ಟ. "ನೋಡು. ಎರಡೂ ಕಡೆ ನಿನ್ನದೇ ಸಹಿ. ಕಾಗದ ಹೋದ್ರೆ ಮೊದಲು ನಿನ್ನ ಕೆಲಸ ಹೋಗುತ್ತೆ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಅವನ ಋಣ ದೊಡ್ಡದು, ಎದುರಾಡಲಾಗಲಿಲ್ಲ ಎಂದು ಬರೆದರೆ ಓದಿದವರು ನಂಬಬಹುದು. ಆದರೆ ಅದು ಅರ್ಧ ಸುಳ್ಳು. ಅವನು ತಡೆ ಎಂದಾಗ ನನಗೆ ಸಮಾಧಾನವೇ ಆಯಿತು. ಬೇಡವೆಂದವನು ಅವನು, ನಾನಲ್ಲ ಎಂದು ಹೇಳಿಕೊಳ್ಳಲು ಒಂದು ನೆಪ ಸಿಕ್ಕಿತು. ಆ ಎರಡು ವಾರ ಗಾಜು ತೊಳೆಯುವಾಕೆ ಎದುರಾಗಬಾರದೆಂದು ಹಿಂದಿನ ಮೆಟ್ಟಿಲು ಹತ್ತಿ ಇಳಿದೆ. ಊಟ ರುಚಿಸುತ್ತಿತ್ತು, ನಿದ್ದೆಯೂ ಬರುತ್ತಿತ್ತು. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಬೀಳ್ಕೊಡುಗೆ ಚೆನ್ನಾಗಿಯೇ ಆಯಿತು. ಸಭಾಂಗಣ ತುಂಬಿತ್ತು. ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಗಾಜಿನ ಫಲಕ ಮಾಡಿಸಿದ್ದರು, ಅದರ ಮೇಲೆ ನೂರೈವತ್ತಮೂರು ಎಂದು ಕೆತ್ತಿಸಿದ್ದರು. ಅಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು ಎಲ್ಲರಿಗೂ ಕಾಣುವಂತೆ ಎತ್ತಿದ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನೂ ಚಪ್ಪಾಳೆ ತಟ್ಟಿದೆ, ಜೋರಾಗಿಯೇ.

ಮಾರನೇ ದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಕೇಳಿದೆ, "ಅಣ್ಣಾ, ಆ ಕಾಗದ?"

"ಪತ್ರಿಕೆಗೆ ನಾಲ್ಕು ಸಾಲಿನ ತಿದ್ದುಪಡಿ ಕಳಿಸ್ತೀನಿ. ಹೊಸ ಮಾಹಿತಿ ಬಂದಿದೆ, ಸಂಖ್ಯೆ ಬದಲಾಗಿದೆ ಅಂತ. ಅಷ್ಟು ಸಾಕು. ಹುಡುಗಿ ವಿಷಯ ಈಗ ಯಾಕೆ ಕೆದಕೋದು? ಅವಳಿಗೂ ಒಂದು ಕೆಲಸ ಸಿಕ್ಕಿದೆಯಲ್ಲ."

"ಕೆಲಸ? ನೀರಿನ ಬಾಟ್ಲಿಗೆ ಚೀಟಿ ಅಂಟಿಸ್ತಿದ್ದಾಳೆ ಅಣ್ಣಾ!"

ಆಮೇಲೆ ನಾನು ಬಾಯಿಗೆ ಬಂದಂತೆ ಅಂದೆ. ಐವತ್ತೊಂದು ವರ್ಷದಲ್ಲಿ ಅವನಿಗೆ ಒಂದು ಮಾತು ಎದುರಾಡಿದವಳಲ್ಲ. ಹೆದರುಪುಕ್ಕಲ ಎಂದೆ, ಗಾಜಿನ ಫಲಕಕ್ಕೆ ಒಂದು ಮಗುವಿನ ಮಾನ ಮಾರಿದವನು ಎಂದೆ. ಅತ್ತಿಗೆ ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತುಬಿಟ್ಟರು. ಅಣ್ಣ ಕೂಗಾಡಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ ಕೈ ಒರೆಸಿಕೊಂಡ.

"ಸಮಿತಿ ಮುಂದೆ ಎಲ್ಲಾ ಸರಿ ಇದೆ ಅಂದವಳು ಯಾರು? ನಾನಾ? ಬರೀಬೇಕು ಅಂತಿದ್ರೆ ನಿನ್ನ ಹೆಸರಲ್ಲಿ ಬರ್ಕೋ. ನನ್ನನ್ನ ಎಳೀಬೇಡ."

ಅವನು ಹೇಳಿದ್ದು ನಿಜವಾಗಿತ್ತು. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಓಡಿಸಲು ಹೋದವಳು ನಾನು. ಮಹಡಿ ಹತ್ತಿ ಹೋಗಿ ಬರೆದೆ. ಮೂರು ಸಾಲುಗಳನ್ನು ತಪ್ಪಾಗಿ ಕೂರಿಸಿದವಳು ನಾನು, ಪರೀಕ್ಷಿಸದೆ ಪರೀಕ್ಷಿಸಿದ್ದೇನೆಂದು ಸಹಿ ಹಾಕಿದವಳು ನಾನು, ಸಮಿತಿಯ ಮುಂದೆ ಸುಳ್ಳು ಹೇಳಿದವಳು ನಾನು, ಈ ವಿದ್ಯಾರ್ಥಿನಿಯ ತಪ್ಪು ಏನೇನೂ ಇಲ್ಲ. ಬುಧವಾರ ಕುಲಸಚಿವರ ಕಚೇರಿಗೆ ಕೊಟ್ಟೆ. ಮುದ್ರೆ ಹಾಕುವ ಗುಮಾಸ್ತ ರಜೆಯಲ್ಲಿದ್ದ. ಶುಕ್ರವಾರ ಸಂಜೆ ದುಂಡು ಮುದ್ರೆ ಬಿದ್ದ ಪ್ರತಿ ಕೈಗೆ ಸಿಕ್ಕಿತು, ಅದರ ಜೊತೆಗೇ ನನ್ನನ್ನು ಅಮಾನತು ಮಾಡಿದ ಆದೇಶವೂ ಸಿಕ್ಕಿತು. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಅದರ ಬಗ್ಗೆ ನನಗೆ ದೂರಿಲ್ಲ.

ಶನಿವಾರ ಹತ್ತು ಗಂಟೆಗೆ ಅವಳ ಮನೆ ಬಾಗಿಲು ತಟ್ಟಿದೆ. ಬಾಗಿಲು ತೆರೆದ ಕೊಕ್ಕೆಯ ತಲೆಯಲ್ಲಿ ಅಲ್ಲಲ್ಲಿ ನರೆ ಕಂಡಿತು. ವಯಸ್ಸು ಮೂವತ್ತೆರಡು. ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಅಲ್ಲೇ ಹೊಸ್ತಿಲ ಮೇಲೆ ಕಾಗದ ಕೊಟ್ಟೆ. ನಿಂತೇ ಓದಿದಳು, ಎರಡು ಸಲ.

"ಅಕ್ಕ ತಂಗಿನಾ?" ಎಂದಳು.

"ಹೌದು. ಮೂರೂ ಕಡೆ."

"ನಾನು ಹಾಗೇ ಅಂದ್ಕೊಂಡಿದ್ದೆ." ಅವಳ ದನಿಯಲ್ಲಿ ಗೆಲುವಿರಲಿಲ್ಲ. "ಯಾವಾಗ ಗೊತ್ತಾಯ್ತು ಮೇಡಂ?"

ಸುಳ್ಳು ಹೇಳಬಹುದಿತ್ತು. "ಹತ್ತೊಂಬತ್ತು ದಿನದ ಹಿಂದೆ, ಸೋಮವಾರ."

ಅವಳು ಕಾಗದವನ್ನು ನೀಟಾಗಿ ಮಡಿಸಿದಳು. "ಹೋದ ವಾರ ಗುರುವಾರ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ರು. ತಲೆಗೆ ಏಟಾಯ್ತು. ಐದು ದಿನ ಆಸ್ಪತ್ರೆ. ಅದಕ್ಕೆ ಮುಂಚೆ, ನಿಧಾನಕ್ಕೆ ಹೇಳಿದ್ರೆ ಒಂದಷ್ಟು ನಿಲ್ತಿತ್ತು. ಮುಖ್ಯ ಅನ್ಸಿದ್ದನ್ನ ಡೈರಿಲಿ ಬರ್ದು ಇಟ್ಕೊಳ್ತಿದ್ರು. ಈಗ..." ಮಾತು ಮುಗಿಸದೆ ಬಾಗಿಲಿಂದ ಪಕ್ಕಕ್ಕೆ ಸರಿದಳು. "ಬನ್ನಿ. ಆದ್ರೂ ಹೇಳಿ. ನನಗೋಸ್ಕರ ಹೇಳಿ."

ಗುರುವಾರ ಎಂದರೆ ನಾನು ತಪ್ಪು ಕಂಡ ಹನ್ನೊಂದನೇ ದಿನ. ಪೂರಾ ಹತ್ತು ದಿನ ನನ್ನ ಕೈಯಲ್ಲಿತ್ತು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವರು ಕೂತಿದ್ದರು. ಹಣೆಗೆ ಪಟ್ಟಿ, ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಯವರೆಗೂ ಗುಂಡಿ. ನಾನು ಎದುರು ಸ್ಟೂಲ್ ಎಳೆದುಕೊಂಡು ಕೂತು ಹೇಳಿದೆ. ನಿಮ್ಮ ಮಗಳು ಸುಳ್ಳು ಬರೆದಿಲ್ಲ, ಸುಳ್ಳು ಹೇಳಿದವಳು ನಾನು, ಇಗೋ ಕಾಗದ. ಅವರು ಕಾಗದ ತೆಗೆದುಕೊಂಡು ಮೊದಲು ಮುದ್ರೆ ನೋಡಿದರು. ಹೆಬ್ಬೆರಳಿನಿಂದ ಅದರ ಅಂಚನ್ನು ಸುತ್ತ ಸವರಿದರು.

"ಮುದ್ರೆ ಸರಿ ಇದೆ," ಎಂದರು. ಆಮೇಲೆ ನನ್ನನ್ನು ನೇರವಾಗಿ ನೋಡಿ ಕೇಳಿದರು, "ತಕ್ಕಡಿ ತಪ್ಪಿತ್ತೋ, ಕಲ್ಲು ತಪ್ಪಿತ್ತೋ?"

"ಕಲ್ಲು ತಪ್ಪಿತ್ತು. ಮೂರು ಕಲ್ಲು. ಇಟ್ಟವಳು ನಾನು."

"ತೂಗಿದವಳು ಇವಳು."

"ಇವಳು ಸರಿಯಾಗಿ ತೂಗಿದ್ಲು. ಕಲ್ಲು ಸರಿ ಇಲ್ಲ ಅಂತ ನನಗೆ ಹೇಳಿದ್ಲು. ನಾನು ಕೇಳ್ಲಿಲ್ಲ."

ಅವರು ಮಗಳ ಕಡೆ ಕೈ ಚಾಚಿದರು. ಕೊಕ್ಕೆ ಬಂದು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಅವಳ ತಲೆಯ ಮೇಲೆ ಕೈಯಿಟ್ಟು "ನನ್ನ ಮಗು, ನನ್ನ ಮಗು" ಎನ್ನುತ್ತಾ ಆ ಮುದುಕ ಬಿಕ್ಕಿ ಬಿಕ್ಕಿ ಅತ್ತರು. ನಾಲ್ಕು ವರ್ಷ ನಿನ್ನನ್ನು ಅಂದುಬಿಟ್ಟೆನಲ್ಲಾ, ನಿಮ್ಮಮ್ಮನಿಗೂ ಹೇಳಬೇಕು ಎಂದರು. ಅವಳು ಅಪ್ಪನ ಮೊಣಕಾಲಿಗೆ ಮುಖ ಒತ್ತಿ ಹಾಗೇ ಇದ್ದಳು. ನನ್ನ ಕಣ್ಣಲ್ಲೂ ನೀರು ಬಂತು. ಅಳುವ ಹಕ್ಕು ನನಗಿರಲಿಲ್ಲ, ಆದರೂ ಬಂತು. ತಡವಾದರೂ ಆಯಿತಲ್ಲ ಎಂದುಕೊಂಡೆ.

ಹನ್ನೊಂದೂವರೆಗೆ ಅವರ ಊಟದ ಹೊತ್ತು. ಅವಳು ಒಳಗೆ ಹೋಗಿ ಮೆತ್ತಗೆ ಕಲೆಸಿದ ಅನ್ನ ತಂದಳು. ಅವರು ಕಿಟಕಿಯಾಚೆ ನೋಡುತ್ತಿದ್ದರು. ಕಾಗದ ತೊಡೆಯ ಮೇಲೇ ಇತ್ತು. ತಟ್ಟೆ ಹಿಡಿದು ಬಂದ ಮಗಳನ್ನು ಕಂಡು ಅವರ ಮುಖ ಗಂಟಾಯಿತು.

"ಸುಳ್ಳು ಯಾಕಮ್ಮಾ ಬರೆದೆ?" ಎಂದರು. "ನಾನು ನಿನಗೆ ಅದನ್ನಾ ಕಲಿಸಿದ್ದು?"

ನಾನು ಬಾಯಿ ತೆರೆದೆ. ಅವಳು ನನ್ನ ಕಡೆ ತಿರುಗದೆಯೇ ಕೈ ಅಡ್ಡ ಹಿಡಿದು ತಡೆದಳು. ತಟ್ಟೆ ಕೆಳಗಿಟ್ಟು, ಅಪ್ಪನ ಎದುರು ಕೂತು, ಚಿಕ್ಕ ಮಕ್ಕಳು ಹೇಳುವ ಹಾಗೆ ಹೇಳಿದಳು:

"ತಪ್ಪಾಯ್ತಪ್ಪಾ. ಇನ್ಮೇಲೆ ಬರೆಯಲ್ಲ."

ಅವರ ಮುಖ ಸಡಿಲವಾಯಿತು. "ಹ್ಞೂಂ. ಹೋಗ್ಲಿ ಬಿಡು. ಇನ್ನೊಂದ್ಸಲ ಹಾಗೆ ಮಾಡ್ಬೇಡ," ಎಂದು ಅವಳ ಕೆನ್ನೆ ತಟ್ಟಿದರು.

"ಆಸ್ಪತ್ರೆಯಿಂದ ಬಂದ್ಮೇಲೆ ಹೀಗೇ," ಎಂದಳು ಕೊಕ್ಕೆ, ತುತ್ತು ಮಾಡುತ್ತಾ. "ಮಾಡಿಲ್ಲ ಅಂದ್ರೆ ಊಟ ಬಿಡ್ತಾರೆ, ದಿನವೆಲ್ಲ ಸಂಕಟ ಪಡ್ತಾರೆ. ಒಪ್ಕೊಂಡ್ರೆ ಕ್ಷಮಿಸಿಬಿಡ್ತಾರೆ. ಅದಕ್ಕೆ ದಿನಾ ಒಪ್ಕೋತೀನಿ."

ಅವರ ತೊಡೆಯ ಮೇಲಿದ್ದ ಕಾಗದ ನೆಲಕ್ಕೆ ಜಾರಿತು. ಅನ್ನ ಬಿದ್ದೀತೆಂದು ಅವಳು ಅದನ್ನೆತ್ತಿ ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಹಿಡಿದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತೇ ಇದ್ದೆ. ಅವರು ಅವತ್ತು ತಟ್ಟೆ ಖಾಲಿಯಾಗುವ ತನಕ ಉಂಡರು.